ಡಿ ಗೆರೆಯ ಹೊರಗೆ, ಬಾಕ್ಸ್ ಗೆರೆಯ ಒಳಗೆ

ನ್ಯಾಯವೆಂಬುದು ಮನುಷ್ಯ ಸಮಾಜದ ಬುನಾದಿ. ಅದಿಲ್ಲದ ಕಡೆ ಇಪ್ಪತ್ತೆರಡು ಜನ ಗಂಡಸರು ಒಂದೂವರೆ ಗಂಟೆ ಒಟ್ಟಿಗೆ ಇದ್ದು ಎಲ್ಲರೂ ತಮ್ಮ ಕಾಲಮೇಲೆ ಮನೆಗೆ ಹೋಗುವುದು ಸಾಧ್ಯವೇ ಇಲ್ಲ. ಆದರೆ ಆ ನ್ಯಾಯ ನಿಂತಿರುವುದು ಸೀಟಿಯೊಳಗಿನ ಬಟಾಣಿ ಗಾತ್ರದ ಒಂದು ಬಿರಡೆಯ ಮೇಲೆ. ಮಳೆಯಲ್ಲಿ ಬಿರಡೆ ನೆನೆದರೆ ನ್ಯಾಯ ಊದುವುದಿಲ್ಲ, ‘ಫುಸ್’ ಎನ್ನುತ್ತದೆ.

ನನ್ನ ಊರು ಶಿರಂಗಾಲದ ಬಳಿ. ಕಾಗದದ ಮೇಲೆ ದೈಹಿಕ ಶಿಕ್ಷಕ, ಮಕ್ಕಳ ಬಾಯಲ್ಲಿ ಪಿ.ಟಿ. ಮೇಷ್ಟ್ರು, ಭಾನುವಾರಗಳಂದು ಫುಟ್ಬಾಲ್ ರೆಫರಿ. ಶಾಲೆಯಿಂದ ನನ್ನನ್ನು ನಿವೃತ್ತಿ ಮಾಡಿದ್ದು ಸರ್ಕಾರ, ಮೈದಾನದಿಂದ ನಿವೃತ್ತಿ ಮಾಡಿದ್ದು ಎಡಗಾಲಿನ ಮಂಡಿ. ಈಚೆಗೆ ರೆಫರಿ ಪರೀಕ್ಷೆ ಪಾಸಾದ ಕೆಲವರು ಮನೆಗೆ ಬಂದು, ಈ ಕೆಲಸ ನಿಜಕ್ಕೂ ಹೇಗಿರುತ್ತದೆಂದು ಬರೆದುಕೊಡಿ ಎಂದರು. ನಿಯಮದ ಪುಸ್ತಕ ಇದೆಯಲ್ಲ, ಓದಿ ಎಂದೆ. ಅವರಲ್ಲಿದ್ದ ಒಬ್ಬಳೇ ಹುಡುಗಿ, “ಓದಿದ್ದೀವಿ ಸರ್, ಅದರಲ್ಲಿ ಜನಾನೇ ಇಲ್ಲ” ಎಂದಳು. ಅವಳು ಒಳ್ಳೆಯ ರೆಫರಿ ಆಗುತ್ತಾಳೆ ಎಂದುಕೊಂಡಿದ್ದೇನೆ.

ಆದ್ದರಿಂದ ಜನರ ಬಗ್ಗೆಯೇ ಬರೆಯುತ್ತೇನೆ. ಬಡ್ತಿಯ ವಿಷಯ ಎತ್ತುವುದಿಲ್ಲ. ನನಗೆ ಬಂದ ಬಡ್ತಿಗಳೆಲ್ಲ ವರ್ಗಾವಣೆಯ ವೇಷದಲ್ಲಿ ಬಂದವು, ಗುರುತು ಹಿಡಿಯುವಷ್ಟರಲ್ಲಿ ಸಾಮಾನು ಕಟ್ಟುವ ಹೊತ್ತಾಗಿರುತ್ತಿತ್ತು.

ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನನ್ನು ದಕ್ಷಿಣ ಕೊಡಗಿಗೆ ಹಾಕಿದರು. ಹೆಡ್ಮಾಸ್ಟರು ಸಜ್ಜನರು. ಕುರ್ಚಿ ತೋರಿಸಿ, ಕಾಫಿ ತರಿಸಿ, “ಹಾಕಿಯಲ್ಲಿ ನೀವು ಯಾವ ಪೊಸಿಷನ್?” ಎಂದು ಕೇಳಿದರು.

“ಹಾಕಿ ಆಡಲ್ಲ ಸಾರ್. ನಾನು ಫುಟ್ಬಾಲು.”

ಅವರು ಕಾಫಿ ಲೋಟ ಕೆಳಗಿಟ್ಟರು. ಯಾರದೋ ಮನೆಯ ಸಾವಿನ ಸುದ್ದಿ ಕೇಳಿದವರ ಹಾಗೆ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, “ಇರಲಿ. ವಯಸ್ಸು ಚಿಕ್ಕದಿದೆ, ಸರಿಹೋಗುತ್ತೆ” ಎಂದರು.

ಸರಿಹೋಗಲಿಲ್ಲ. ಹೊಸಬರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಇದು ಹಾಕಿಯ ಸೀಮೆ. ಇಲ್ಲಿ ಮಗು ಎದ್ದು ನಿಲ್ಲುವಾಗ ಹಿಡಿದುಕೊಳ್ಳುವ ಮೊದಲ ವಸ್ತು ಹಾಕಿ ಕೋಲು. ಫುಟ್ಬಾಲ್ ಆಡುವವರು ಇಲ್ಲವೆಂದಲ್ಲ, ಬೇಕಾದಷ್ಟಿದ್ದಾರೆ. ಆದರೆ ಎಸ್ಟೇಟ್ ಕೂಲಿಯವರ ಲೈನು ಮನೆಗಳ ಹಿಂದೆ, ಕುಯಿಲಾದ ಗದ್ದೆಗಳಲ್ಲಿ, ಬಸ್ ನಿಲ್ಲಿಸುವ ಜಾಗದಲ್ಲಿ ಆಡುತ್ತಾರೆ. ಹುಲ್ಲು ಹಾಸಿ, ಸುತ್ತ ಮೆಟ್ಟಿಲು ಕಟ್ಟಿದ ಮೈದಾನಗಳೆಲ್ಲ ಹಾಕಿಯವು. ನೀವು ಫುಟ್ಬಾಲ್ ಪಂದ್ಯದಲ್ಲಿ ಫೌಲ್ ಊದಿದರೆ ಪ್ರೇಕ್ಷಕರು, “ಶಾರ್ಟ್ ಕಾರ್ನರ್! ಶಾರ್ಟ್ ಕಾರ್ನರ್ ಕೊಡಿ!” ಎಂದು ಕೂಗುತ್ತಾರೆ. ಅದು ಹಾಕಿಯ ಶಿಕ್ಷೆ, ನಮ್ಮಲ್ಲಿಲ್ಲ ಎಂದು ವಿವರಿಸಲು ಹೋಗಬೇಡಿ. ನಾನು ಒಮ್ಮೆ ಹೋಗಿದ್ದೆ. “ಇಲ್ದಿದ್ರೆ ಹಾಕ್ಕೊಳ್ಳಿ, ಯಾರು ಬೇಡ ಅಂದ್ರು?” ಎಂದು ಒಬ್ಬರು ಅಜ್ಜಿ ಹೇಳಿದರು.

ಸೀಟಿಯ ವಿಷಯಕ್ಕೆ ಬರುತ್ತೇನೆ. ಒಂದು ಎಸ್ಟೇಟ್ ಮೈದಾನದಲ್ಲಿ ಜಡಿಮಳೆಯ ನಡುವೆ ನಾನು ಆಟ ಮುಗಿಯಿತೆಂದು ಊದಿದೆ. ಸೀಟಿ ‘ಫುಸ್’ ಎಂದಿತು. ಯಾರಿಗೂ ಕೇಳಿಸಲಿಲ್ಲ. ಆಟ ಮುಂದುವರಿದು ಗೋಲೂ ಆಯಿತು. ಗೋಲು ಹೊಡೆದವರು ಕುಣಿಯುತ್ತಿರುವಾಗ ನಾನು ನಡುವೆ ನಿಂತು, ಪಂದ್ಯ ಆಗಲೇ ಮುಗಿದಿದೆ ಎಂದು ಬಾಯಲ್ಲಿ ಘೋಷಿಸಬೇಕಾಯಿತು. ಅವತ್ತು ನನ್ನನ್ನು ಮೈದಾನದಿಂದ ಜೀಪಿನವರೆಗೆ ಬಹಳ ಜನ ಜೊತೆಯಾಗಿ ಬಂದು ಬಿಟ್ಟುಹೋದರು. ನನಗೆ ಕೆಲಸ ಕಲಿಸಿದ ಹಿರಿಯ ರೆಫರಿ ಜೋಸೆಫ್ ಸರ್ ಸುದ್ದಿ ಕೇಳಿ ನಗಲಿಲ್ಲ. ಎರಡು ಮಾತು ಹೇಳಿದರು. ಒಂದು, ಎರಡನೇ ಸೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಳ್ಳಬೇಕು. ಈಗ ಬಿರಡೆಯೇ ಇಲ್ಲದ ಸೀಟಿ ಬಂದಿದೆ, ಆ ಮಾತಿಗೆ ಬೆಲೆ ಹೋಯಿತು. ಇನ್ನೊಂದು ಮಾತಿಗೆ ಬೆಲೆ ಹೋಗಿಲ್ಲ.

“ಮಳೆ ಬಂದ್ರೆ ಸುಣ್ಣದ ಗೆರೆ ಹೋಗುತ್ತೆ ಕಣಯ್ಯಾ” ಎಂದರು ಅವರು. “ಪಂದ್ಯಕ್ಕೆ ಮುಂಚೆ ಪೆನಾಲ್ಟಿ ಬಾಕ್ಸಿನ ಮೂಲೆಗಳಿಗೆ ಒಂದೊಂದು ಸೋಡಾ ಮುಚ್ಚಳ ಇಟ್ಟು, ನಡುವೆ ಉದ್ದದ ಮೊಳೆ ಹೊಡಿ. ನೆಲದ ಮಟ್ಟಕ್ಕೆ ಇಳಿಯೋ ಹಾಗೆ, ಯಾರ ಕಾಲಿಗೂ ತಾಗಬಾರದು. ಗೆರೆ ಹೋದ್ರೂ ಮೂಲೆ ಉಳಿಯುತ್ತೆ.”

ಅಂದಿನಿಂದ ನನ್ನ ಚೀಲದಲ್ಲಿ ಸೀಟಿ, ಕಾರ್ಡು, ನಾಣ್ಯಗಳ ಜೊತೆ ಒಂದು ಸುತ್ತಿಗೆಯೂ ಇರುತ್ತಿತ್ತು. ಚೆಕ್‌ಪೋಸ್ಟಿನವರು ಎರಡು ಸಲ ಕೇಳಿದ್ದಾರೆ, ಸುತ್ತಿಗೆ ಯಾಕೆ ಎಂದು. ಫುಟ್ಬಾಲಿಗೆ ಎಂದರೆ ನಂಬಲಿಲ್ಲ.

ಇನ್ನು ಮುಖ್ಯ ಪ್ರಕರಣ. ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಮುಂಚೆ ನಮ್ಮ ಜಿಲ್ಲೆಗೆ ವಲಯ ಮಟ್ಟದ ಕ್ರೀಡಾಕೂಟ ಬಂತು. ಓಟ, ಎಸೆತ, ಕಬಡ್ಡಿ, ವಾಲಿಬಾಲ್ ಎಲ್ಲವೂ ಇದ್ದವು. ಅವುಗಳಿಗೆಲ್ಲ ಜಾಗ ಹಂಚಿ ಮುಗಿದ ಮೇಲೆ, ಗಂಡಸರ ಫುಟ್ಬಾಲ್ ಒಂದು ಉಳಿದಿದೆ ಎಂದು ಯಾರಿಗೋ ನೆನಪಾಯಿತು. ಕೊನೆಗೆ ಅದನ್ನು ಹುದಿಕೇರಿಯಿಂದ ಹೆಚ್ಚು ದೂರವಿಲ್ಲದ ಒಂದು ಹಾಕಿ ಮೈದಾನಕ್ಕೆ ಕಳಿಸಿದರು, ಜೊತೆಗೆ ವ್ಯವಸ್ಥೆ ನೋಡಿಕೊಳ್ಳಲು ನನ್ನನ್ನೂ ಕಳಿಸಿದರು.

ಆ ಮೈದಾನದ ಸಮಿತಿಗೆ ಅಧ್ಯಕ್ಷರು ಸುಬೇದಾರ್ ಚಂಗಪ್ಪ. ಸೇನೆಯಿಂದ ನಿವೃತ್ತರು, ಹಾಕಿಯಿಂದ ಅಲ್ಲ. ಸಮಿತಿಯಲ್ಲಿ ಇನ್ನೂ ಆರೇಳು ಜನ ಇದ್ದರಂತೆ, ಆದರೆ ಮೈದಾನದಲ್ಲಿ ಒಂದು ಹುಲ್ಲು ಬಾಗಿದರೂ ಉತ್ತರ ಕೇಳುವವರು ಸುಬೇದಾರರೊಬ್ಬರೇ. ಗೋಲಿನ ಮುಂದೆ ಹಾಕಿಯಲ್ಲಿ ಒಂದು ಅರ್ಧಚಂದ್ರದಂಥ ಗೆರೆ ಇರುತ್ತದಲ್ಲ, ‘ಡಿ’ ಎನ್ನುತ್ತಾರೆ, ಅದರೊಳಗಿಂದ ಹೊಡೆದರೆ ಮಾತ್ರ ಗೋಲು, ಅದನ್ನು ಅವರು ಸುಣ್ಣದಲ್ಲಿ ಬರೆಸಿದವರೇ ಅಲ್ಲ. ಪ್ರತಿ ವರ್ಷ ಬೇಸಿಗೆಗೆ ಮುಂಚೆ ಗ್ಯಾರೇಜಿನಿಂದ ಸುಟ್ಟ ಎಂಜಿನ್ ಆಯಿಲ್ ತಂದು ಆ ಗೆರೆಯ ಮೇಲೆ ತಾವೇ ಹೊಯ್ಯುತ್ತಿದ್ದರು. ಅಲ್ಲಿ ಹುಲ್ಲು ಹುಟ್ಟುವುದನ್ನೇ ಮರೆತಿತ್ತು. ಹಸಿರು ಮೈದಾನದ ಮೇಲೆ ನಾಲ್ಕು ಬೆರಳಗಲದ ಕಪ್ಪು ಡಿ. ಆಕಾಶದಿಂದಲೂ ಕಾಣುತ್ತಿತ್ತೋ ಏನೋ.

ನಮ್ಮ ಜಿಲ್ಲಾ ತಂಡದ ನಾಯಕ ಅಶ್ರಫ್. ಸಿದ್ದಾಪುರದ ಕಡೆಯವನು, ಗೂಡ್ಸ್ ಆಟೋ ಓಡಿಸುತ್ತಿದ್ದ. ತಂಡ ಕಟ್ಟಿದ್ದೂ ಅವನೇ. ಲೈನು ಮನೆಯ ತಮಿಳು ಹುಡುಗರು, ಕುಶಾಲನಗರದ ಒಬ್ಬ ಬೇಕರಿಯವನು, ಒಬ್ಬ ಫಾರೆಸ್ಟ್ ವಾಚರ್, ಹೀಗೆ ಸಿಕ್ಕಸಿಕ್ಕಲ್ಲಿಂದ ಹೆಕ್ಕಿದ ತಂಡ. ಅಭ್ಯಾಸ ಗದ್ದೆಯಲ್ಲಿ. ಮಳೆ ಬಂದು ನಾಟಿ ಶುರುವಾದರೆ ಅವರ ಫುಟ್ಬಾಲಿಗೆ ಆರು ತಿಂಗಳು ರಜೆ. ಹಿಂಬದಿಯ ಆಟಗಾರ ಸೋಮಣ್ಣ ಮಾತ್ರ ಬೇರೆ ಥರದವನು. ಅವನು ಸುಬೇದಾರರ ಸ್ವಂತ ಅಕ್ಕನ ಮಗ. ಚಿಕ್ಕಂದಿನಿಂದ ಹಾಕಿ ಆಡಿ ಬೆಳೆದು, ಯಾವುದೋ ಗಳಿಗೆಯಲ್ಲಿ ಫುಟ್ಬಾಲಿಗೆ ಬಿದ್ದಿದ್ದ. ‘ಬಿದ್ದ’ ಎಂಬುದು ಸುಬೇದಾರರ ಪದ.

ಕ್ರೀಡಾಕೂಟಕ್ಕೆ ಹದಿನೈದು ದಿನ ಇರುವಾಗ ನಾನು, ಅಶ್ರಫ್ ಇಬ್ಬರೂ ಸುಬೇದಾರರನ್ನು ಕಾಣಲು ಪೆವಿಲಿಯನ್ನಿಗೆ ಹೋದೆವು. ನನ್ನ ಕೆಲಸ ಗೋಲುಕಂಬ ನೆಡುವ ವಿಷಯ. ಅಶ್ರಫ್ ತನ್ನದೊಂದು ಅರ್ಜಿ ಹೊತ್ತು ತಂದಿದ್ದ, ಬಾಯಲ್ಲಿ.

“ಸಾರ್, ಕೂಟ ಮುಗಿದ ಮೇಲೂ ನಮಗೆ ವಾರದಲ್ಲಿ ಎರಡು ಸಂಜೆ ಈ ಗ್ರೌಂಡ್ ಕೊಡ್ಬೇಕು. ಕಾಲು ಮುಗಿದು ಕೇಳ್ತೀನಿ.”

“ಕೈ ಮುಗಿದು” ಎಂದು ನಾನು ತಿದ್ದಿದೆ.

“ಫುಟ್ಬಾಲಲ್ವಾ ಮಾಷೇ, ಅದಕ್ಕೆ” ಎಂದ.

ಸುಬೇದಾರರ ಮೀಸೆ ಸ್ವಲ್ಪ ಅಲುಗಿದ ಹಾಗಾಯಿತು. ಆದರೆ ಮುಖ ಗಂಭೀರವಾಗಿಯೇ ಇತ್ತು. “ನೋಡು ಅಶ್ರಫ್, ಆ ನೆಲಕ್ಕೆ ಒಂದು ಮರ್ಯಾದೆ ಇದೆ. ಸುಮ್ಮನೆ ಕೊಡಕ್ಕಾಗಲ್ಲ. ಈ ಕೂಟದಲ್ಲಿ ಫೈನಲ್ ಮುಟ್ಟಿ. ಎರಡು ಸಂಜೆ ನಿಮ್ಮದು. ಮುಟ್ಟಲಿಲ್ಲ ಅಂದ್ರೆ ಮತ್ತೆ ಕೇಳೋಕೆ ಬರ್ಬೇಡ. ಆಯ್ತಾ?”

“ಆಯ್ತು ಸಾರ್.”

“ಮೇಷ್ಟ್ರೇ, ನೀವು ಸಾಕ್ಷಿ.”

ಹೀಗೆ ಒಂದು ಮೈದಾನದ ಭವಿಷ್ಯಕ್ಕೆ ನಾನು ಸಾಕ್ಷಿಯಾದೆ. ರೆಫರಿ ಎಂಬವನು ಯಾವ ಒಪ್ಪಂದಕ್ಕೂ ಸಾಕ್ಷಿ ನಿಲ್ಲಬಾರದು, ಇದನ್ನು ಹೊಸಬರು ಗಮನಿಸಬೇಕು. ನಾನು ಗಮನಿಸಿದ್ದು ಆಮೇಲೆ.

ಮೈದಾನಕ್ಕೆ ಫುಟ್ಬಾಲಿನ ಗೆರೆ ಎಳೆಯುವಾಗ ಸುಬೇದಾರರು ಛತ್ರಿಯೊಂದಿಗೆ ನನ್ನ ಹಿಂದೆಯೇ ನಡೆದರು. ಆಯಿಲ್ ಮುಟ್ಟುವ ಹಾಗಿಲ್ಲ, ಸುಣ್ಣದ ಪುಡಿ ಮಾತ್ರ. ಅವರ ಕಪ್ಪು ಡಿ ಒಳಗೆ, ನಮ್ಮ ಬಿಳಿ ಬಾಕ್ಸ್ ಅದರ ಸುತ್ತ. ನಮ್ಮ ಬಾಕ್ಸ್ ಚೌಕವಾದ್ದರಿಂದ ಅದರ ಎರಡು ಮೂಲೆಗಳು ದುಂಡನೆಯ ಡಿಯಿಂದ ಸಾಕಷ್ಟು ದೂರಕ್ಕೆ ಚಾಚಿಕೊಂಡಿರುತ್ತವೆ. ಅವರು ಆ ಮೂಲೆಯಲ್ಲಿ ನಿಂತು, “ಇಷ್ಟು ಜಾಗ ಎಂತಕ್ಕೆ ಮಾರಾಯ್ರೆ? ಇಲ್ಲಿಂದ ಗೋಲು ಹೊಡೆಯೋರು ಯಾರು?” ಎಂದು ಕೇಳಿದರು. ನಾನು ಆ ಮೂಲೆಗೊಂದು ಮುಚ್ಚಳ ಇಟ್ಟು ಮೊಳೆ ಹೊಡೆದೆ. ಸುತ್ತಿಗೆಯ ಪ್ರತಿ ಏಟಿಗೂ ಅವರು ಕಣ್ಣು ಮುಚ್ಚುತ್ತಿದ್ದರು.

ಪಂದ್ಯಗಳು ಶುರುವಾದವು. ನಮ್ಮವರು ಯಾರೂ ನಿರೀಕ್ಷಿಸದ ಹಾಗೆ ಆಡಿದರು, ಒಂದು ಪಂದ್ಯ ಗೆದ್ದರು, ಇನ್ನೊಂದನ್ನು ಸಮ ಮಾಡಿಕೊಂಡು ಸೆಮಿಫೈನಲ್ಲಿಗೆ ಬಂದುಬಿಟ್ಟರು. ಎದುರಾಳಿ ಕರಾವಳಿಯ ತಂಡ. ಮರಳಿನಲ್ಲಿ ಓಡಿ ಬೆಳೆದವರು, ಹುಲ್ಲಿನ ಮೇಲೆ ಅವರ ಕಾಲು ನೆಲಕ್ಕೇ ತಾಗುತ್ತಿರಲಿಲ್ಲ, ಅಷ್ಟು ವೇಗ.

ಆ ಪಂದ್ಯಕ್ಕೆ ಹೊರಜಿಲ್ಲೆಯ ರೆಫರಿ ಮತ್ತು ಹೊರಜಿಲ್ಲೆಯ ಇಬ್ಬರು ಲೈನ್ಸ್‌ಮನ್ ಇರಬೇಕಿತ್ತು. ನಿಯಮವೆಂದರೆ ಅದೇ. ಆದರೆ ರೆಫರಿಯೂ ಒಬ್ಬ ಲೈನ್ಸ್‌ಮನ್ನೂ ಬರುತ್ತಿದ್ದ ಕಾರು ತಿತಿಮತಿಯ ಹತ್ತಿರ ನಿಂತಿತು. ರಸ್ತೆಯ ಮೇಲೆ ಆನೆ ನಿಂತಿತ್ತು. ಫೋನಿನಲ್ಲಿ, “ಅದು ಹೋಗ್ತಾ ಇಲ್ಲ, ನಮ್ಮನ್ನೇ ನೋಡ್ತಾ ಇದೆ” ಎಂದರು ರೆಫರಿ, ಬಹಳ ಸಣ್ಣ ದನಿಯಲ್ಲಿ. ಕಾಯುತ್ತ ಕೂತರೆ ಬೆಳಕು ಹೋಗುತ್ತದೆ. ನಾನು ಕರಾವಳಿ ತಂಡದ ಮ್ಯಾನೇಜರರ ಬಳಿ ಹೋಗಿ ಪರಿಸ್ಥಿತಿ ಹೇಳಿದೆ. ಅವರು ನನ್ನ ಮುಖವನ್ನು ಒಂದು ಕ್ಷಣ ಪರೀಕ್ಷಿಸಿದರು.

“ನೀವೇ ನಿಲ್ಲಿ ಮಾರ್ರೆ. ನಿಮ್ಮ ಮುಖ ನೋಡಿದ್ರೆ ನಿಮಗೆ ಯಾರ ಮೇಲೂ ಪ್ರೀತಿ ಇದ್ದ ಹಾಗೆ ಕಾಣುದಿಲ್ಲ.”

ನನ್ನ ವೃತ್ತಿಜೀವನದಲ್ಲಿ ದೊರೆತ ಪ್ರಶಸ್ತಿ ಪತ್ರ ಅದೊಂದೇ, ಅದೂ ಬಾಯಿಮಾತಿನದು.

ಇನ್ನೊಬ್ಬ ಲೈನ್ಸ್‌ಮನ್ ಬೇಕಿತ್ತು. ಇಡೀ ಮೈದಾನದಲ್ಲಿ ಬಾವುಟ ಹಿಡಿದು ನೆಟ್ಟಗೆ ನಿಲ್ಲಬಲ್ಲವರು, ಎರಡೂ ತಂಡ ಒಪ್ಪುವಂಥವರು ಸುಬೇದಾರರೊಬ್ಬರೇ. ಅವರು ಟೋಪಿ ಸರಿಮಾಡಿಕೊಂಡು ಬಂದರು.

“ಆಫ್‌ಸೈಡ್ ನೀವು ನೋಡಬೇಡಿ ಸಾರ್, ಅದನ್ನ ನಾನೇ ನೋಡ್ಕೋತೀನಿ” ಎಂದೆ.

“ಆಫ್‌ಸೈಡಾ? ಹಾಕಿಯಲ್ಲಿ ಅದನ್ನ ತೆಗೆದು ಬಿಸಾಕಿ ಎಷ್ಟೋ ವರ್ಷ ಆಯ್ತು. ನೀವಿನ್ನೂ ಇಟ್ಕೊಂಡಿದ್ದೀರಾ?”

“ಇಟ್ಕೊಂಡಿದ್ದೀವಿ ಸಾರ್.”

“ಮತ್ತೆ ಹಸಿರು ಕಾರ್ಡು?”

“ಅದು ನಮ್ಮಲ್ಲಿಲ್ಲ.”

“ಬೇಕಾದ್ದು ಇಲ್ಲ, ಬೇಡದ್ದು ಇದೆ” ಎಂದು ಹೇಳಿ, ಬಾವುಟವನ್ನು ತೋಳಿಗೆ ಒತ್ತಿಕೊಂಡು ಪೆವಿಲಿಯನ್ ಬದಿಯ ಗೆರೆಗೆ ಹೋಗಿ ನಿಂತರು. ಚೆಂಡು ಹೊರಗೆ ಹೋದಾಗ ಬಾವುಟ ಎತ್ತಿದರೆ ಸಾಕು, ಫೌಲ್ ಕಂಡರೆ ಜಾಗ ತೋರಿಸಿದರೆ ಸಾಕು ಎಂದಿದ್ದೆ. ಅಷ್ಟನ್ನೂ ಅವರು ಸೆಲ್ಯೂಟ್ ಹೊಡೆಯುವ ಚೊಕ್ಕತನದಲ್ಲಿ ಮಾಡಿದರು. ನಾನು ಕಂಡ ಲೈನ್ಸ್‌ಮನ್‌ಗಳಲ್ಲಿ ಅಷ್ಟು ನೇರವಾಗಿ ಬಾವುಟ ಎತ್ತಿದವರು ಬೇರೆ ಇಲ್ಲ.

ಮೊದಲರ್ಧ ಗೋಲಿಲ್ಲದೆ ಮುಗಿಯಿತು. ವಿರಾಮದಲ್ಲಿ ಮಳೆ ಬಂತು.

ಕಾಫಿ ಹೂ ಬಿಡುವ ಕಾಲದ ಮಳೆ. ತೋಟದವರು ಒಂದು ತಿಂಗಳಿನಿಂದ ಆಕಾಶ ನೋಡಿ ಕುತ್ತಿಗೆ ನೋಯಿಸಿಕೊಂಡಿದ್ದ ಹೂಮಳೆ. ಪ್ರೇಕ್ಷಕರು ಗೋಲು ಬಿದ್ದಿದ್ದರೂ ಅಷ್ಟು ಸಂತೋಷಪಡುತ್ತಿರಲಿಲ್ಲ. ಚಪ್ಪಾಳೆ ತಟ್ಟಿದರು. ಛತ್ರಿ ಇದ್ದವರೂ ಬಿಚ್ಚದೆ ನೆನೆದರು. ಎಲ್ಲರ ಕಿವಿಯಲ್ಲೂ ಫೋನು: “ನಮ್ಮಲ್ಲಿ ಎಷ್ಟು ಸೆಂಟ್ ಮಳೆ ಆಯ್ತು? ಕೆಳಗಿನ ತೋಟಕ್ಕೆ ಬಂತಾ?” ಸುಬೇದಾರರೂ ಬಾವುಟ ಕಂಕುಳಲ್ಲಿಟ್ಟುಕೊಂಡು ಮನೆಗೆ ಫೋನ್ ಮಾಡಿದರು. ಆ ಇಡೀ ಜನಸಮೂಹದಲ್ಲಿ ಮಳೆಯಿಂದ ದುಃಖಪಟ್ಟವನು ನಾನೊಬ್ಬ. ಮಳೆ ನಿಂತಾಗ ಮೈದಾನದ ಮೇಲೆ ಸುಣ್ಣವಿರಲಿಲ್ಲ. ಬಿಳಿ ಬಾಕ್ಸ್ ಕರಗಿ ಹಾಲಿನ ನೀರಾಗಿ ಚರಂಡಿಗೆ ಹೋಗಿತ್ತು. ಉಳಿದ ಸುಣ್ಣದ ಮೂಟೆ ಪೆವಿಲಿಯನ್ ಮೆಟ್ಟಿಲ ಮೇಲೆ ನೆನೆದು ಇಡ್ಲಿ ಹಿಟ್ಟಾಗಿತ್ತು. ಸುಬೇದಾರರ ಕಪ್ಪು ಡಿ ಮಾತ್ರ ತೊಳೆದು ಇನ್ನಷ್ಟು ಚೆನ್ನಾಗಿ ಕಾಣುತ್ತಿತ್ತು.

ಇಬ್ಬರು ನಾಯಕರನ್ನೂ ಕರೆದೆ. “ಗೆರೆ ಹೋಗಿದೆ. ಬಾಕ್ಸ್ ಹೋಗಿಲ್ಲ, ಅದರೊಳಗೆ ಫೌಲ್ ಆದರೆ ಪೆನಾಲ್ಟಿಯೇ. ಮೂಲೆಗಳಲ್ಲಿ ಮುಚ್ಚಳ ಇದೆ, ನೋಡ್ಕೊಳ್ಳಿ. ನಿಮ್ಮ ಹುಡುಗರಿಗೂ ಹೇಳಿ. ಆ ಕಪ್ಪು ಗೆರೆ ನಮ್ಮದಲ್ಲ.” ಇಬ್ಬರೂ ತಲೆಯಾಡಿಸಿದರು. ಅಶ್ರಫ್ ತನ್ನವರನ್ನು ಗುಂಪು ಸೇರಿಸಿ ಹೇಳುವುದನ್ನು ಕಣ್ಣಾರೆ ಕಂಡೆ. ಸೋಮಣ್ಣನೂ ಆ ಗುಂಪಿನಲ್ಲಿದ್ದ.

ದ್ವಿತೀಯಾರ್ಧ ಮುಗಿಯುತ್ತ ಬಂದಿತ್ತು. ನಮ್ಮವರು ದಣಿದಿದ್ದರು, ಆದರೆ ಒಂದಿಂಚು ಬಿಟ್ಟುಕೊಟ್ಟಿರಲಿಲ್ಲ. ಹೀಗೇ ಮುಗಿದರೆ ಹೆಚ್ಚುವರಿ ಆಟ, ಅದರಾಚೆ ಏನಾದರೂ ಆಗಬಹುದು. ಮೆಟ್ಟಿಲ ಮೇಲಿದ್ದ ಲೈನು ಮನೆಯವರು ತಟ್ಟೆ ಬಡಿಯುತ್ತಿದ್ದರು. ಹಾಕಿಯ ಜನವೂ ಆ ಹೊತ್ತಿಗೆ ನಮ್ಮವರ ಕಡೆಯಾಗಿ, “ಹಿಟ್! ಹಿಟ್!” ಎಂದು ತಪ್ಪು ಆಟದ ಕೂಗನ್ನು ಸರಿಯಾದ ಉತ್ಸಾಹದಲ್ಲಿ ಕೂಗುತ್ತಿದ್ದರು. ಆಗ ಕರಾವಳಿಯ ಒಬ್ಬ ಪೆವಿಲಿಯನ್ ಬದಿಯಿಂದ ಚೆಂಡು ಹಿಡಿದು ಗಾಳಿಯ ಹಾಗೆ ಒಳಗೆ ತಿರುಗಿದ. ಅವನ ಎದುರು ಸೋಮಣ್ಣ ಒಬ್ಬನೇ, ಅವನ ಹಿಂದೆ ಕೀಪರ್.

ಸೋಮಣ್ಣ ಕೆಳಗೆ ನೋಡಿದ. ನಾನು ಚೆಂಡಿನ ಹಿಂದೆಯೇ ಓಡಿ ಬರುತ್ತಿದ್ದುದರಿಂದ ಅವನ ತಲೆ ಬಾಗಿದ್ದು ಸ್ಪಷ್ಟವಾಗಿ ಕಂಡೆ. ಅವನು ನೋಡಿದ್ದು ಕಪ್ಪು ಗೆರೆಯನ್ನು. ತಾನು ಡಿಯ ಹೊರಗೇ ಇದ್ದೇನೆ ಎಂದು ಖಾತ್ರಿ ಮಾಡಿಕೊಂಡು, ಒಳಗೆ ಬಿಟ್ಟರೆ ಅಪಾಯ, ಇಲ್ಲೇ ಕೆಡವಿದರೆ ಒಂದು ಫ್ರೀ ಹಿಟ್ ಅಷ್ಟೇ ಎಂದು ಲೆಕ್ಕ ಹಾಕಿ, ಬಹಳ ಶಿಸ್ತಿನಿಂದ ಆ ಹುಡುಗನ ಕಾಲಿಗೆ ಕಾಲು ಕೊಟ್ಟ. ಹಾಕಿಯ ಲೆಕ್ಕದಲ್ಲಿ ಅದು ಅಪ್ಪಟ ಬುದ್ಧಿವಂತಿಕೆ.

ಬಿದ್ದವನ ಮೊಣಕಾಲಿನ ಪಕ್ಕದಲ್ಲಿ, ಗೋಲಿನಿಂದ ಆಚೆಯ ಮಗ್ಗುಲಲ್ಲಿ, ನನ್ನ ಸೋಡಾ ಮುಚ್ಚಳ ಮಳೆಗೆ ತೊಳೆದು ಹೊಳೆಯುತ್ತಿತ್ತು. ಕಾಲು ತಾಗಿದ್ದೂ ಅವನು ಬಿದ್ದದ್ದೂ ಅದರಿಂದ ಒಂದು ದೊಡ್ಡ ಹೆಜ್ಜೆ ಒಳಗೆ.

ಸೀಟಿ ಊದಿದೆ. ಪೆನಾಲ್ಟಿ ಜಾಗಕ್ಕೆ ಕೈ ತೋರಿಸಿದೆ.

ಮೈದಾನಕ್ಕೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಸುಮ್ಮನಿರಲಿಲ್ಲ.

“ಡಿ ಹೊರಗೆ! ಡಿ ಹೊರಗೆ ಮೇಷ್ಟ್ರೇ!” ಎಂದು ಸೋಮಣ್ಣ ಎರಡೂ ಕೈಗಳಿಂದ ಕಪ್ಪು ಗೆರೆ ತೋರಿಸುತ್ತ ಬಂದ. “ನಾನು ನೋಡಿಯೇ ಹೊಡೆದದ್ದು!”

“ನೋಡಿ ಹೊಡೆದೆ ಅಂತ ಜೋರಾಗಿ ಹೇಳಬೇಡ ಮಾರಾಯ, ಕೆಂಪು ಕಾರ್ಡು ನನ್ನ ಜೇಬಲ್ಲೇ ಇದೆ” ಎಂದೆ. ಹಳದಿ ತೋರಿಸಿದೆ.

ಅಶ್ರಫ್ ಬಂದು ಮುಚ್ಚಳ ನೋಡಿದ, ಹುಡುಗ ಬಿದ್ದ ಜಾಗದ ಗುರುತು ನೋಡಿದ, ತಲೆಯ ಮೇಲೆ ಕೈಯಿಟ್ಟುಕೊಂಡು, “ಪಡಚೋನೇ!” ಎಂದು ಕುಕ್ಕರಿಸಿದ. ಅವನ ದೇವರನ್ನು ಅವನು ಕರೆದದ್ದು ವಾದಿಸಲು ಅಲ್ಲ. ನಾನು, “ಹೇಳಿದ್ದೆಯಲ್ಲಪ್ಪ?” ಎಂದೆ. “ಹೇಳಿದೆ ಮಾಷೇ. ತಲೆಗೆ ಹೋಗಿತ್ತು. ಕಾಲಿಗೆ ಹೋಗಲಿಲ್ಲ.”

ಮೆಟ್ಟಿಲುಗಳಿಂದ ಮಾತುಗಳು ಹಾರಿಬಂದವು. “ಕನ್ನಡಕ ಶಿರಂಗಾಲದಲ್ಲೇ ಬಿಟ್ಟು ಬಂದ್ರಾ?” “ಕಪ್ಪಗೆ ಕಾಣ್ತಾ ಇದೆಯಲ್ರೀ, ಇನ್ನೂ ದಪ್ಪ ಎಳೀಬೇಕಾ?” ಅದಕ್ಕಿಂತ ತೊಂದರೆಯ ವಿಷಯ ಬೇರೆಯಿತ್ತು. ಪಕ್ಕದ ಗೆರೆಯಲ್ಲಿ ಸುಬೇದಾರರು ಬಾವುಟವನ್ನು ನೇರವಾಗಿ ಚಾಚಿ ನಿಂತಿದ್ದರು. ಬಾವುಟ ತೋರಿಸುತ್ತಿದ್ದುದು ಡಿಯ ಹೊರಗೆ, ಫ್ರೀ ಕಿಕ್ಕಿನ ಜಾಗವನ್ನು. ಅಷ್ಟು ಜನ ಅದನ್ನು ನೋಡುತ್ತಿದ್ದರು.

ಇಲ್ಲಿ ಹೊಸಬರಿಗೆ ಒಂದು ಮಾತು. ಲೈನ್ಸ್‌ಮನ್ನಿನ ಮಾತು ಒಪ್ಪದಿದ್ದಾಗ ಅಲ್ಲಿಂದಲೇ ಕೈ ಬೀಸಿ ಕೆಳಗಿಳಿಸು ಎನ್ನಬಹುದು, ನಿಯಮದಲ್ಲಿ ತಪ್ಪಿಲ್ಲ. ನಾನು ನಡೆದುಕೊಂಡು ಹೋದೆ. ಓಡದೆ ನಡೆದೆ. ನಡೆಯುವವನ ಮೇಲೆ ಜನ ಕಲ್ಲೆಸೆಯುವುದು ಕಡಿಮೆ.

“ಸಾರ್, ಅದು ಬಾಕ್ಸ್ ಒಳಗೆ.”

“ಡಿ ಹೊರಗೆ.”

“ಡಿ ಹೊರಗೆ ನಿಜ. ನಮ್ಮಲ್ಲಿ ಡಿ ಇಲ್ಲ.”

“ಕಣ್ಣಿಗೆ ಕಾಣೋ ಗೆರೆ ಬಿಟ್ಟು ಕಾಣದೇ ಇರೋ ಗೆರೆಗೆ ಶಿಕ್ಷೆ ಕೊಡ್ತೀರಾ ಮೇಷ್ಟ್ರೇ?” ದನಿ ಏರಿರಲಿಲ್ಲ. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. “ಒಪ್ಪಂದ ನೆನಪಿದೆಯಾ? ನೀವೇ ಸಾಕ್ಷಿ. ಇದು ಗೋಲಾದ್ರೆ ಇವರಿಗೆ ಗ್ರೌಂಡ್ ಹೋಯ್ತು.”

“ನೆನಪಿದೆ ಸಾರ್.”

“ನೆನಪಿದ್ದೂ ಕೊಡ್ತೀರಾ?”

“ಮುಚ್ಚಳ ಅಲ್ಲಿದೆ ಸಾರ್. ಮೊಳೆ ಹೊಡೆಯುವಾಗ ನೀವೇ ಪಕ್ಕದಲ್ಲಿದ್ರಿ.”

ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟು ಎಷ್ಟಿತ್ತು, ಬೇರೆ ಏನಿತ್ತು, ಈಗಲೂ ಹೇಳಲಾರೆ. “ನಾನು ಒಪ್ಪಲ್ಲ” ಎಂದರು. “ಆದ್ರೆ ಇಲ್ಲಿ ಇನ್‌ಚಾರ್ಜ್ ನೀವು.” ಬಾವುಟವನ್ನು ಕೆಳಗಿಳಿಸಿ ತೊಡೆಗೆ ಒತ್ತಿ ಅಟೆನ್ಷನ್ನಿನಲ್ಲಿ ನಿಂತರು. ಮೆಟ್ಟಿಲುಗಳ ಗಲಾಟೆ ಅರ್ಧಕ್ಕರ್ಧ ಇಳಿಯಿತು. ಸುಬೇದಾರರೇ ಇಳಿಸಿದ ಬಾವುಟವನ್ನು ಮತ್ತೆ ಎತ್ತಲು ಆ ಊರಲ್ಲಿ ಯಾರೂ ಇರಲಿಲ್ಲ.

ವಾಪಸು ಬಂದು ನೋಡಿದರೆ ಕರಾವಳಿಯ ಹುಡುಗ ಚೆಂಡಿಟ್ಟುಕೊಂಡು ಹೊಡೆಯಲು ತಯಾರಾಗಿ ನಿಂತಿದ್ದ. ಚೆಂಡು ಗೋಲಿಗೆ ತೀರಾ ಹತ್ತಿರವಿತ್ತು. ನಮ್ಮ ಪೆನಾಲ್ಟಿ ಜಾಗದ ಸುಣ್ಣವೂ ಹೋಗಿದ್ದರಿಂದ, ಹಾಕಿಯ ಪೆನಾಲ್ಟಿ ಗುರುತಿನ ಮೇಲೆ, ಏಳು ಗಜದಲ್ಲಿ ಇಟ್ಟುಕೊಂಡಿದ್ದ. ಅದೂ ಆಯಿಲ್ ಹೊಯ್ದ ಕಪ್ಪು ಚುಕ್ಕೆ. ಅವನ ಮುಖದಲ್ಲಿ ಪರಮ ಮುಗ್ಧತೆ ಇತ್ತು. ನಾನು ಚೆಂಡೆತ್ತಿಕೊಂಡು, ಗೋಲುಗೆರೆಯಿಂದ ಹನ್ನೆರಡು ದೊಡ್ಡ ಹೆಜ್ಜೆ ಹಾಕಿದೆ. ಏಳನೇ ಹೆಜ್ಜೆಯಿಂದ ಇಡೀ ಮೈದಾನ ನನ್ನ ಜೊತೆ ಎಣಿಸಿತು. ಹನ್ನೆರಡಾದಾಗ ಜೋರಾಗಿ ಚಪ್ಪಾಳೆ ಬಿತ್ತು. ಇಷ್ಟು ವರ್ಷಗಳ ರೆಫರಿ ಕೆಲಸದಲ್ಲಿ ನನಗೆ ಬಿದ್ದ ಒಂದೇ ಚಪ್ಪಾಳೆ ಅದು, ನಡೆದದ್ದಕ್ಕೆ.

ಹನ್ನೆರಡು ಗಜದಿಂದಲೂ ಅವನು ಗೋಲು ಹೊಡೆದ. ನಮ್ಮ ಕೀಪರ್ ಬಲಕ್ಕೆ ಹಾರಿದ, ಚೆಂಡು ಎಡಕ್ಕೆ ಹೋಯಿತು. ಉಳಿದ ಆಟದಲ್ಲಿ ನಮ್ಮವರಿಗೆ ಏನೂ ದಕ್ಕಲಿಲ್ಲ. ಆಟ ಮುಗಿದಾಗ ಸೋಮಣ್ಣ ಮುಚ್ಚಳದ ಪಕ್ಕದಲ್ಲೇ ಕೂತಿದ್ದ. ಅಶ್ರಫ್ ಹೋಗಿ ಅವನನ್ನು ಬೈಯಬಹುದೆಂದು ಎಲ್ಲರೂ ನೋಡುತ್ತಿದ್ದರು. ಅವನು ಕೈ ಕೊಟ್ಟು ಎಬ್ಬಿಸಿ, “ಬಾ ಮಾರಾಯ, ಬೆಂಚು ಒದ್ದೆ, ನೆಲ ಒದ್ದೆ, ಎಲ್ಲಿ ಕೂತರೂ ಒಂದೇ. ಆಟೋದಲ್ಲಿ ಕೂರು” ಎಂದ.

ಮರುದಿನ ಬೆಳಿಗ್ಗೆ ಹೊಸದಾಗಿ ಸುಣ್ಣ ಹಾಕಿಸಲು ನಾನು ಬೇಗ ಮೈದಾನಕ್ಕೆ ಹೋದೆ. ಮಧ್ಯಾಹ್ನ ಮೂರನೇ ಸ್ಥಾನದ ಪಂದ್ಯವಿತ್ತು. ನನಗಿಂತ ಮುಂಚೆ ಸುಬೇದಾರರು ಬಂದಿದ್ದರು. ಗೋಲುಗೆರೆಯಿಂದ ಅಳೆದು ಹೆಜ್ಜೆ ಹಾಕುತ್ತ, ಹದಿನೆಂಟಕ್ಕೆ ನಿಂತು, ಬಗ್ಗಿ, ಬೂಟಿನ ತುದಿಯಿಂದ ಮುಚ್ಚಳವನ್ನು ಕೆದಕಿದರು. ಮೊಳೆ ಅಲುಗಲಿಲ್ಲ. ಅಲ್ಲಿಂದ ಡಿ ಗೆರೆಯವರೆಗೆ ಮತ್ತೆ ನಡೆದು ನೋಡಿದರು. ನನ್ನನ್ನು ಕಂಡು, “ಇದು ಯಾವ ಸೋಡಾದ್ದು?” ಎಂದರು.

“ಶುಂಠಿ ಸೋಡಾ ಸಾರ್.”

“ಗಟ್ಟಿ ಇದೆ.”

ಅಷ್ಟರಲ್ಲಿ ಅಶ್ರಫ್‌ನ ಗೂಡ್ಸ್ ಆಟೋ ಬಂತು. ಹಿಂದೆ ಸೋಮಣ್ಣ ಹೊಸ ಸುಣ್ಣದ ಮೂಟೆ ಹಿಡಿದು ಕೂತಿದ್ದ. ಇಬ್ಬರೂ ಇಳಿದು, ನಮಸ್ಕಾರ ಹೇಳಿ, ಬಲೆ ಕಟ್ಟಲು ಗೋಲಿನ ಕಡೆ ಹೋದರು. ಸುಬೇದಾರರು ಕಾದರು. ಅಶ್ರಫ್ ಬಲೆ ಕಟ್ಟಿದ. ಸುಬೇದಾರರು ಕೆಮ್ಮಿದರು. ಅಶ್ರಫ್ ಇನ್ನೊಂದು ಗಂಟು ಹಾಕಿದ. ಕೊನೆಗೆ ಅವರೇ ಅಲ್ಲಿಗೆ ನಡೆದರು.

“ಎಂತ, ಕೇಳಲ್ವಾ?”

“ಕೇಳಬಾರ್ದು ಅಂದಿದ್ರಿ ಸಾರ್. ಫೈನಲ್ ಮುಟ್ಟಲಿಲ್ಲ.”

“ಹೌದು, ಅಂದಿದ್ದೆ.” ಅವರು ಸೋಮಣ್ಣನ ಕಡೆ ತಿರುಗಿದರು. “ನೀನು ಹೇಳು. ನಿನ್ನೆ ಬಾಕ್ಸ್ ಎಲ್ಲಿದೆ ಅಂತ ಗೊತ್ತಿತ್ತಾ ನಿನಗೆ?”

“ಅಶ್ರಫಣ್ಣ ಹೇಳಿದ್ರು ಮಾವ. ಆದ್ರೆ ಗದ್ದೆಯಲ್ಲಿ ನಮಗೆ ಬಾಕ್ಸೇ ಇಲ್ವಲ್ಲ. ಕಲ್ಲಿಟ್ಟು ಆಡೋದು. ಗೆರೆ ಅಂದ್ರೆ ನನಗೆ ನಿಮ್ಮ ಡಿ ಒಂದೇ ಗೊತ್ತಿರೋದು.”

ಸುಬೇದಾರರು ತಮ್ಮ ಡಿಯನ್ನು ನೋಡಿದರು. ವರ್ಷಗಟ್ಟಲೆ ಆಯಿಲ್ ಹೊಯ್ದು ಸಾಕಿದ ಗೆರೆ.

“ಮೇಷ್ಟ್ರೇ, ಸೆಮಿ ಅಂದ್ರೆ ಎಂತ?”

ನಾನು ಸಾಕ್ಷಿಯ ಕೆಲಸಕ್ಕೆ ಮತ್ತೆ ಸಿಕ್ಕಿಕೊಂಡೆ. “ಅರ್ಧ, ಸಾರ್.”

“ಅಂದ್ರೆ ಇವರು ಅರ್ಧ ಫೈನಲ್ ಮುಟ್ಟಿದ್ದಾರೆ. ಎರಡು ಸಂಜೆಗೆ ಅರ್ಧ ಎಷ್ಟು?”

ಅಶ್ರಫ್ ಕೈಯಲ್ಲಿದ್ದ ದಾರ ಬಿಟ್ಟ. “ಒಂದು, ಸಾರ್.”

“ಒಂದು. ಬುಧವಾರ. ಸುಣ್ಣ ಮಾತ್ರ, ಆಯಿಲ್ ಗೀಯಿಲ್ ಹೊಯ್ದರೆ ನೋಡಿ ಮತ್ತೆ. ಇವನನ್ನ ಪ್ರತಿ ಬುಧವಾರ ಆ ಮುಚ್ಚಳದ ಪಕ್ಕ ನಿಲ್ಲಿಸಿ, ಎಲ್ಲಿದ್ದೀಯಾ ಅಂತ ಕೇಳಬೇಕು.” ಇಷ್ಟು ಹೇಳಿ ಛತ್ರಿ ತಿರುಗಿಸಿಕೊಂಡು ಪೆವಿಲಿಯನ್ ಕಡೆ ನಡೆದರು. ಅರ್ಧ ದಾರಿಯಲ್ಲಿ ನಿಂತು, ತಿರುಗದೆಯೇ ಕೂಗಿ ಹೇಳಿದರು: “ಮೇಷ್ಟ್ರೇ, ಆ ಪೆನಾಲ್ಟಿ ನಾನು ಈಗಲೂ ಒಪ್ಪಲ್ಲ!”

ಮಧ್ಯಾಹ್ನ ಮೂರನೇ ಸ್ಥಾನದ ಪಂದ್ಯ ನಡೆಯಿತು. ಆನೆಯಿಂದ ಪಾರಾಗಿ ಬಂದಿದ್ದ ಹೊರಜಿಲ್ಲೆಯ ರೆಫರಿಯೇ ಊದಿದರು. ನಮ್ಮವರು ಸೋತು ನಾಲ್ಕನೆಯವರಾದರು. ಬುಧವಾರ ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ ಆ ಮೈದಾನದಲ್ಲಿ ಫುಟ್ಬಾಲ್ ಆಡುತ್ತಾರೆ.